ನೂರನಲವತ್ತೈದು ಮೀಟರಿನಾಚೆಯ ಗುರಿ: ಕೊರಿಯದ ಬಿಲ್ವಿದ್ಯೆಯ ಮೊದಲ ಪಾಠಗಳು

ಬಿಲ್ಲುಬಾಣವೆಂದೊಡನೆ ನಮ್ಮ ಮನಸ್ಸು ಪುರಾಣಗಳ ಕಡೆಗೆ ಹರಿಯುವುದು ಸಹಜ. ಗಾಂಡೀವ, ಪಿನಾಕ, ಶಾರ್ಙ್ಗ ಮೊದಲಾದ ಹೆಸರುಗಳನ್ನು ನಾವು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆದರೆ ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಏಕೆ ಬಂದಿತೆಂದು ಯೋಚಿಸುವವರು ವಿರಳ. ಶೃಂಗವೆಂದರೆ ಕೊಂಬು, ಕೊಂಬಿನಿಂದಾದುದು ಶಾರ್ಙ್ಗ. ಕೊಂಬಿನ ಬಿಲ್ಲು ಬರಿಯ ಕವಿಕಲ್ಪನೆಯಲ್ಲ. ಏಷ್ಯಾ ಖಂಡದ ಅನೇಕ ಜನಾಂಗಗಳು ಕೊಂಬು, ಮರ, ಪ್ರಾಣಿಗಳ ಸ್ನಾಯುರಜ್ಜು ಇವುಗಳನ್ನು ಅಂಟಿನಿಂದ ಬೆಸೆದು ಬಿಲ್ಲುಗಳನ್ನು ಕಟ್ಟುತ್ತಿದ್ದುವು. ಬಂದೂಕು ಬಂದ ಮೇಲೆ ಬಹುಪಾಲು ನಾಡುಗಳಲ್ಲಿ ಈ ವಿದ್ಯೆ ಕ್ಷೀಣಿಸಿತು. ಅದನ್ನು ಇಂದಿಗೂ ಉಳಿಸಿಕೊಂಡು ಬಂದಿರುವ ಕೆಲವೇ ದೇಶಗಳಲ್ಲಿ ಕೊರಿಯ ಒಂದು.

ಕೊರಿಯನ್ನರ ಭಾಷೆಯಲ್ಲಿ ಬಿಲ್ಲಿಗೆ ‘ಹ್ವಾಲ್’ ಎಂದು ಹೆಸರು. ಅವರ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು ‘ಗುಂಗ್‌ಡೊ’ ಅಥವಾ ‘ಗುಕ್‌ಗುಂಗ್’ ಎಂದು ಕರೆಯುತ್ತಾರೆ. ಇದರ ನಿಯಮ ಕೇಳುವುದಕ್ಕೆ ಸರಳ. ಬಿಲ್ಗಾರನು ನಿಂತ ಸ್ಥಳದಿಂದ ಗುರಿಯ ಹಲಗೆಗೆ 145 ಮೀಟರು ದೂರ. ಹಳೆಯ ಲೆಕ್ಕದಲ್ಲಿ 120 ಹೆಜ್ಜೆ. ಹಲಗೆಯ ಅಗಲ 2 ಮೀಟರು, ಎತ್ತರ ಸುಮಾರು 2.67 ಮೀಟರು. ಅದು ನೆಟ್ಟಗೆ ನಿಂತಿರದೆ 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿರುತ್ತದೆ. ಹಲಗೆಯ ಯಾವ ಭಾಗಕ್ಕೆ ತಗುಲಿದರೂ ಗುರಿ ಮುಟ್ಟಿದಂತೆಯೇ. ನಡುವಿಗೆ ಹೆಚ್ಚು ಅಂಕ, ಅಂಚಿಗೆ ಕಡಿಮೆ ಅಂಕ ಎಂಬ ಭೇದವಿಲ್ಲ. ಒಂದು ಸುತ್ತಿಗೆ 5 ಬಾಣಗಳು.

ಒಲಿಂಪಿಕ್ ಕ್ರೀಡೆಗಳ ಬಿಲ್ಗಾರರು 70 ಮೀಟರಿನಾಚೆಯ ಗುರಿಗೆ ಬಾಣ ಬಿಡುತ್ತಾರೆ. ಅವರ ಬಿಲ್ಲಿಗೆ ಗುರಿನೋಟದ ಉಪಕರಣವೂ ತೂಗಾಟವನ್ನು ತಡೆಯುವ ದಂಡಗಳೂ ಇರುತ್ತವೆ. ಕೊರಿಯದ ಹಳೆಯ ಬಿಲ್ಲಿನಲ್ಲಿ ಇವೊಂದೂ ಇಲ್ಲ. ಬಾಣವನ್ನು ಆನಿಸುವುದಕ್ಕೆ ಒಂದು ಗೂಟವೂ ಇಲ್ಲ. ಬಿಲ್ಗಾರನ ಹೆಬ್ಬೆರಳೇ ಆಧಾರ. ಆ ದೂರದಿಂದ ನೋಡಿದರೆ ಗುರಿಯ ಹಲಗೆ, ಕೈಚಾಚಿ ಹಿಡಿದ ಕಿರುಬೆರಳಿನ ಉಗುರಿಗಿಂತ ದೊಡ್ಡದಾಗಿ ತೋರದು. ಹೀಗಿರುವಲ್ಲಿ ಅದನ್ನು ಮತ್ತೆ ಮತ್ತೆ ಮುಟ್ಟುವುದು ಹೇಗೆ ಸಾಧ್ಯ? ಹೊಸದಾಗಿ ಕಲಿಯುವವನು ಯಾವ ಯಾವ ಪಾಠಗಳನ್ನು ಕಲಿಯುತ್ತಾನೆ? ಆ ಪಾಠಗಳ ಹಿಂದಿರುವ ಭೌತಶಾಸ್ತ್ರದ ತತ್ತ್ವಗಳಾವುವು? ಇವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿನ್ನೆಲೆ

ಕೊರಿಯದ ಪುರಾತನ ಗೋಗುರ್ಯೊ ರಾಜ್ಯವನ್ನು ಸ್ಥಾಪಿಸಿದವನ ಹೆಸರು ಜುಮೋಂಗ್ ಎಂದು ಐತಿಹ್ಯವಿದೆ. ಆ ಕಾಲದ ನುಡಿಯಲ್ಲಿ ಆ ಹೆಸರಿಗೆ ‘ಒಳ್ಳೆಯ ಬಿಲ್ಗಾರ’ ಎಂದೇ ಅರ್ಥ. ಗೋಗುರ್ಯೊ ಸಮಾಧಿಗಳ ಗೋಡೆಗಳ ಮೇಲೆ, ಓಡುವ ಕುದುರೆಯ ಮೇಲೆ ಕುಳಿತು ಹಿಂದಿರುಗಿ ಬಾಣ ಬಿಡುವ ಬೇಟೆಗಾರರ ಚಿತ್ರಗಳಿವೆ. 1392ರಲ್ಲಿ ಜೋಸೋನ್ ರಾಜವಂಶವನ್ನು ಸ್ಥಾಪಿಸಿದ ಯಿ ಸೋಂಗ್‌ಗ್ಯೆ ಹೆಸರಾಂತ ಬಿಲ್ಗಾರನಾಗಿದ್ದನು. ಆ ವಂಶದ ಆಳ್ವಿಕೆಯಲ್ಲಿ ಸೈನ್ಯದ ಅಧಿಕಾರಿಯಾಗಬಯಸುವವನು ಬಿಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು.

1894ರ ಸುಧಾರಣೆಗಳಲ್ಲಿ ಈ ಪರೀಕ್ಷೆ ನಿಂತುಹೋಯಿತು. ಬಿಲ್ಲು ಸೈನ್ಯದ ಆಯುಧಗಳ ಪಟ್ಟಿಯಿಂದ ಹೊರಬಿದ್ದಿತು. ಅನ್ನ ಕೊಡದ ವಿದ್ಯೆ ಬಹುಕಾಲ ಬಾಳುವುದು ಕಷ್ಟ. ಆದರೆ ಗೋಜೋಂಗ್ ಚಕ್ರವರ್ತಿಯು 1899ರಲ್ಲಿ ಸೋಲ್ ನಗರದ ಅರಮನೆಯೊಂದರ ಆವರಣದಲ್ಲಿ ‘ಹ್ವಾಂಗ್‌ಹಾಕ್‌ಜೋಂಗ್’ ಎಂಬ ಬಿಲ್ಲಿನ ಮಂಟಪವನ್ನು ಕಟ್ಟಿಸಿದನು. ‘ಹಳದಿ ಕೊಕ್ಕರೆಯ ಮಂಟಪ’ವೆಂದು ಈ ಹೆಸರಿನ ಅರ್ಥ. 1922ರಲ್ಲಿ ಅದನ್ನು ಸಾಜಿಕ್ ಎಂಬ ಬಡಾವಣೆಗೆ ಸಾಗಿಸಿದರು. ಇಂದಿಗೂ ಅಲ್ಲಿ ಅಭ್ಯಾಸ ನಡೆಯುತ್ತಿದೆ. ಯುದ್ಧವಿದ್ಯೆಯಾಗಿದ್ದುದು ಹೀಗೆ ದೇಹ ಮತ್ತು ಮನಸ್ಸುಗಳ ಶಿಕ್ಷಣವಾಗಿ ಮಾರ್ಪಟ್ಟಿತು. ಬಿಲ್ಲುಬಾಣ ಮಾಡುವ ಕುಶಲಕಲೆಗೆ 1971ರಲ್ಲಿಯೂ ಬಿಲ್ಲೆಸೆಯುವ ವಿದ್ಯೆಗೆ 2020ರಲ್ಲಿಯೂ ದಕ್ಷಿಣ ಕೊರಿಯದ ಸರಕಾರ ರಾಷ್ಟ್ರೀಯ ಪರಂಪರೆಯ ಮನ್ನಣೆ ನೀಡಿತು.

ಬಿಲ್ಲಿನ ರಚನೆ

ಕೊರಿಯದ ಕೊಂಬಿನ ಬಿಲ್ಲಿಗೆ ‘ಗಾಕ್‌ಗುಂಗ್’ ಎಂದು ಹೆಸರು. ಹೆದೆಯೇರಿಸಿದಾಗ ಇದರ ಉದ್ದ ಸುಮಾರು ಒಂದೂಕಾಲು ಮೀಟರು ಮಾತ್ರ. ಆಳೆತ್ತರದ ಇಂಗ್ಲಿಷ್ ಬಿಲ್ಲಿನೆದುರು ಇದು ಮಕ್ಕಳ ಆಟಿಕೆಯಂತೆ ತೋರುತ್ತದೆ. ಆದರೆ ಇದರ ಹೆದೆಯನ್ನು ಕಿವಿಯವರೆಗೂ ಸೆಳೆಯಬಹುದು. ಅಷ್ಟು ಗಿಡ್ಡನೆಯ ಮರದ ಬಿಲ್ಲನ್ನು ಅಷ್ಟು ದೂರ ಸೆಳೆದರೆ ಅದು ಮುರಿದೇ ಹೋಗುವುದು. ಇದು ಮುರಿಯದಿರುವುದೇಕೆ?

ಒಂದು ಬೆತ್ತವನ್ನು ಬಗ್ಗಿಸಿ ನೋಡೋಣ. ಹೊರಬಾಗಿನ ಪದರಗಳು ಹಿಗ್ಗುತ್ತವೆ, ಒಳಬಾಗಿನ ಪದರಗಳು ಕುಗ್ಗುತ್ತವೆ. ಇವೆರಡರ ನಡುವೆ ಹಿಗ್ಗದೆ ಕುಗ್ಗದೆ ಇರುವ ಪದರವೊಂದಿದೆ. ಅದನ್ನು ತಟಸ್ಥ ಪದರವೆನ್ನುತ್ತೇವೆ. ಬೆತ್ತ ದಪ್ಪವಾದಷ್ಟೂ, ಬಾಗು ತೀಕ್ಷ್ಣವಾದಷ್ಟೂ, ಹೊರ ಮತ್ತು ಒಳ ಅಂಚುಗಳ ಮೇಲಿನ ಒತ್ತಾಯ ಹೆಚ್ಚು. ಸಾಮಾನ್ಯ ಮರವು ನೂರಕ್ಕೆ ಒಂದರಷ್ಟು ಹಿಗ್ಗುವುದರೊಳಗಾಗಿ ಸೀಳುವ ಸ್ಥಿತಿಗೆ ಬರುತ್ತದೆ. ಪ್ರಾಣಿಗಳ ಸ್ನಾಯುರಜ್ಜು ಅದರ ಹಲವು ಪಟ್ಟು ಹಿಗ್ಗಿದರೂ ತುಂಡಾಗದು. ಕೊಂಬಾದರೋ ಮರಕ್ಕಿಂತ ಬಹಳ ಹೆಚ್ಚಾಗಿ ಕುಗ್ಗಿದರೂ ಮತ್ತೆ ಮೊದಲಿನಂತಾಗುತ್ತದೆ.

ಹಳೆಯ ಬಿಲ್ಲುಕಾರರು ಈ ಗುಣಗಳನ್ನು ಸೂತ್ರರೂಪದಲ್ಲಿ ತಿಳಿದಿರಲಿಲ್ಲ, ಕೈಯಿಂದ ಬಲ್ಲವರಾಗಿದ್ದರು. ಅವರು ಗುರಿಯ ಕಡೆಗಿರುವ ಹೊರಮೈಗೆ ದನದ ಸ್ನಾಯುರಜ್ಜನ್ನೂ, ಬಿಲ್ಗಾರನ ಕಡೆಗಿರುವ ಒಳಮೈಗೆ ಕೊಂಬಿನ ಪಟ್ಟಿಯನ್ನೂ ಅಂಟಿಸಿದರು. ನಡುವೆ, ತಟಸ್ಥ ಪದರದ ಸುತ್ತಮುತ್ತ, ಹಗುರವಾದ ಬಿದಿರನ್ನಿಟ್ಟರು. ಹಿಡಿಗೆ ಓಕ್ ಮರ. ಎರಡು ತುದಿಯ ಕೊಪ್ಪುಗಳಿಗೆ ಹಿಪ್ಪುನೇರಳೆ. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಈ ಮರ ನಮ್ಮವರಿಗೆ ಚಿರಪರಿಚಿತವಾದುದೇ. ಇವೆಲ್ಲವನ್ನೂ ಹಿಡಿದಿಡುವುದು ಮೀನಿನ ಗಾಳಿಚೀಲವನ್ನು ಕಾಯಿಸಿ ತೆಗೆದ ಅಂಟು. ತೇವ ತಗುಲದಿರಲೆಂದು ಹೊರಗೆ ಭೂರ್ಜ ಜಾತಿಯ ಮರದ ತೊಗಟೆಯನ್ನು ಸುತ್ತುತ್ತಾರೆ. ಕೊಂಬು ನೀರೆಮ್ಮೆಯದು. ಈ ಪ್ರಾಣಿ ಕೊರಿಯದ್ದಲ್ಲವಾದ್ದರಿಂದ ಕೊಂಬುಗಳನ್ನು ಹಿಂದಿನಿಂದಲೂ ದಕ್ಷಿಣದ ನಾಡುಗಳಿಂದ ತರಿಸಿಕೊಳ್ಳಬೇಕಾಗಿತ್ತು.

ಹೆದೆಯೇರಿಸುವ ಪಾಠ

ಹೆದೆ ಇಳಿಸಿದ ಗಾಕ್‌ಗುಂಗನ್ನು ಮೊದಲ ಬಾರಿಗೆ ನೋಡುವವನು ಅದನ್ನು ಬಿಲ್ಲೆಂದೇ ಗುರುತಿಸಲಾರ. ಅದರ ಎರಡು ತುದಿಗಳೂ ಮುಂದಕ್ಕೆ ಸುರುಳಿಯಾಗಿ ಒಂದನ್ನೊಂದು ಸಮೀಪಿಸಿರುತ್ತವೆ. ಹೆದೆ ಕಟ್ಟಬೇಕಾದರೆ ಅದನ್ನು ಸಂಪೂರ್ಣವಾಗಿ ಹಿಂದುಮುಂದಾಗಿ ಬಾಗಿಸಬೇಕು. ಹೀಗೆ ಬಾಗಿಸುವಾಗಲೇ ಬಿಲ್ಲಿನಲ್ಲಿ ಬಹಳಷ್ಟು ಬಿಗಿತ ಸೇರಿಕೊಳ್ಳುತ್ತದೆ. ಆದ್ದರಿಂದ ಸೆಳೆತದ ಆರಂಭದಲ್ಲಿಯೇ ಹೆದೆ ಬಲವಾಗಿ ಎಳೆಯುತ್ತದೆ. ಬಲಕ್ಕೂ ಸೆಳೆದ ದೂರಕ್ಕೂ ರೇಖಾಚಿತ್ರವನ್ನು ಬರೆದರೆ, ಆ ರೇಖೆಯ ಕೆಳಗಿನ ಕ್ಷೇತ್ರಫಲವೇ ಬಿಲ್ಲಿನಲ್ಲಿ ಶೇಖರವಾದ ಪ್ರಚ್ಛನ್ನ ಶಕ್ತಿ. ಕೊನೆಯಲ್ಲಿ ಕೈಗೆ ತಾಗುವ ಬಲ ಒಂದೇ ಆಗಿದ್ದರೂ, ಆರಂಭದಿಂದಲೇ ಬಿಗಿಯಾಗಿರುವ ಬಿಲ್ಲಿನ ರೇಖೆ ಮೇಲೆದ್ದಿರುವುದರಿಂದ ಅದು ಹೆಚ್ಚು ಶಕ್ತಿಯನ್ನು ಕೂಡಿಡುತ್ತದೆ.

ಮೀನಿನ ಅಂಟು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಿಲ್ಲು ಮೆತ್ತಗಾಗಿ ಬಲಗುಂದುವುದು. ಆದ್ದರಿಂದ ಬಿಲ್ಲನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಒಣಗಿಸುತ್ತಾರೆ. ಹೆದೆ ಕಟ್ಟುವ ಮುನ್ನ ಬಿಲ್ಲಿನ ತೋಳುಗಳನ್ನು ಬಿಸಿಗೆ ಹಿಡಿದು, ಎರಡೂ ಸಮವಾಗಿ ಬಾಗುವಂತೆ ಮೆಲ್ಲನೆ ತಿದ್ದುತ್ತಾರೆ. ಅವಸರಪಟ್ಟರೆ ಬಿಲ್ಲು ತಿರುಚಿಕೊಂಡು ಮುರಿಯಬಹುದು. ತಿಂಗಳುಗಟ್ಟಲೆ ದುಡಿದು ಮಾಡಿದ ವಸ್ತು ಒಂದು ಕ್ಷಣದಲ್ಲಿ ಹಾಳಾಗುವುದು.

ಹೊಸಬರು ಕೊಂಬಿನ ಬಿಲ್ಲಿನಿಂದ ಕಲಿಕೆ ಆರಂಭಿಸುವುದಿಲ್ಲ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗಾಜಿನ ಎಳೆ ಮತ್ತು ಕೃತಕ ರಾಳಗಳಿಂದ ಅದೇ ಆಕಾರದ ಬಿಲ್ಲುಗಳನ್ನು ಮಾಡುವುದು ರೂಢಿಗೆ ಬಂದಿತು. ಇವು ಅಗ್ಗ, ಮಳೆಗೆ ಹೆದರುವುದಿಲ್ಲ. ಇವುಗಳಿಂದಾಗಿ ವಿದ್ಯೆ ಜನಸಾಮಾನ್ಯರಿಗೆ ಎಟುಕಿತೆಂಬುದು ನಿಜ. ಆದರೆ ಎಲ್ಲರೂ ಇವನ್ನೇ ಹಿಡಿದರೆ ಕೊಂಬಿನ ಬಿಲ್ಲು ಕಟ್ಟುವ ಕೈಗಳಿಗೆ ಕೆಲಸವಿಲ್ಲದೆ ಆ ಕಲೆಯೇ ಅಳಿದೀತು. ಇದಕ್ಕೆ ಕೊರಿಯದ ಬಿಲ್ಗಾರರು ಕಂಡುಕೊಂಡ ಪರಿಹಾರ ಗಮನಾರ್ಹವಾದುದು: ಮೇಲಿನ ದರ್ಜೆಗಳಿಗೆ, ಐದನೆಯ ದರ್ಜೆಯಿಂದಾಚೆಗೆ, ಏರಬಯಸುವವನು ಕೊಂಬಿನ ಬಿಲ್ಲು ಮತ್ತು ಬಿದಿರಿನ ಬಾಣಗಳಿಂದಲೇ ಪರೀಕ್ಷೆ ಕೊಡಬೇಕು.

ನಿಲುವು

ಒಲಿಂಪಿಕ್ ಬಿಲ್ಗಾರನು ಗುರಿಗೆ ತನ್ನ ಪಕ್ಕವನ್ನು ತೋರಿಸಿ ನಿಲ್ಲುತ್ತಾನೆ. ಕೊರಿಯದ ಬಿಲ್ಗಾರನು ಬಹುಮಟ್ಟಿಗೆ ಗುರಿಯನ್ನೇ ಎದುರಿಸಿ ನಿಲ್ಲುತ್ತಾನೆ. ಬಲಗೈಯಿಂದ ಹೆದೆ ಸೆಳೆಯುವವನ ಎಡಗಾಲು ಗುರಿಯ ಕಡೆಗೆ. ಬಲಗಾಲು ಸ್ವಲ್ಪ ಹಿಂದೆ, ಹೊರಗೆ. ಚೀನೀ ಲಿಪಿಯ ಎರಡು ಅಕ್ಷರಗಳನ್ನು ಹೆಸರಿಸಿ, ಪಾದಗಳು ಈ ಅಕ್ಷರದಂತೆಯೂ ಅಲ್ಲ, ಆ ಅಕ್ಷರದಂತೆಯೂ ಅಲ್ಲ, ಎಂದು ಗುರುಗಳು ಹೇಳಿಕೊಡುತ್ತಾರೆ. ಅಂದರೆ ಪಾದಗಳು ಒಂದಕ್ಕೊಂದು ಅಡ್ಡವಾಗಿರಕೂಡದು, ಸಮವಾಗಿ ಇಬ್ಬದಿಗೆ ಹರಡಿರಲೂ ಕೂಡದು.

ಇದರ ತತ್ತ್ವ ಸುಲಭ. ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಅದರ ಪಾದದ ಆವರಣದೊಳಗೆ ಬೀಳಬೇಕು. ಇಲ್ಲವಾದರೆ ವಸ್ತು ಉರುಳುವುದು. ಪಾದಗಳು ಒಂದರ ಹಿಂದೊಂದು ಇದ್ದರೆ ದೇಹ ಪಕ್ಕಕ್ಕೆ ತೂಗುತ್ತದೆ; ಒಂದೇ ಸಾಲಿನಲ್ಲಿದ್ದರೆ ಹಿಂದುಮುಂದೆ ತೂಗುತ್ತದೆ. ಓರೆಯಾಗಿಟ್ಟ ಪಾದಗಳು ಎರಡು ದಿಕ್ಕುಗಳಿಗೂ ಆಧಾರ ಕೊಡುತ್ತವೆ.

ಎದೆಯನ್ನು ಉಬ್ಬಿಸದೆ ಬರಿದಾಗಿಡಬೇಕು, ಹೊಟ್ಟೆಯನ್ನು ತುಂಬಿಕೊಂಡಿರಬೇಕು ಎಂಬುದು ಮುಂದಿನ ಪಾಠ. ಉಸಿರನ್ನು ಎದೆಯಲ್ಲಿ ತುಂಬಿದರೆ ಭುಜಗಳು ಮೇಲೇಳುತ್ತವೆ, ಹೆದೆ ಎದೆಗೆ ತಾಗುವ ಸಂಭವವಿರುತ್ತದೆ. ಕೆಳಹೊಟ್ಟೆಯಿಂದ ಉಸಿರಾಡುವವನ ಭುಜಗಳು ನಿಶ್ಚಲವಾಗಿರುತ್ತವೆ.

ಹೆಬ್ಬೆರಳ ಸೆಳೆತ

ಯೂರೋಪಿನವರು ಹೆದೆಯನ್ನು ಮೂರು ಬೆರಳುಗಳಿಂದ ಸೆಳೆಯುತ್ತಾರೆ. ಕೊರಿಯದಲ್ಲಿ ಹೆದೆಯನ್ನು ಹಿಡಿಯುವುದು ಹೆಬ್ಬೆರಳು ಮಾತ್ರ. ತೋರುಬೆರಳು ಮತ್ತು ನಡುಬೆರಳುಗಳು ಹೆಬ್ಬೆರಳಿನ ಮೇಲೆ ಅಗುಳಿಯಂತೆ ಕುಳಿತು ಅದನ್ನು ಭದ್ರಪಡಿಸುತ್ತವೆ. ಹೆಬ್ಬೆರಳಿಗೆ ಕೊಂಬಿನ ಉಂಗುರವೊಂದನ್ನು ತೊಡುತ್ತಾರೆ. ಮೊಗಲರ ಕಾಲದ ಹೆಬ್ಬೆರಳಿನ ಉಂಗುರಗಳನ್ನು ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ನೋಡಿದವರಿಗೆ ಇದರ ಕಲ್ಪನೆ ಇರಬಹುದು.

ಈ ಪದ್ಧತಿಗೆ ಕಾರಣ ಬಿಲ್ಲಿನ ಗಿಡ್ಡತನ. ಒಂದೂಕಾಲು ಮೀಟರಿನ ಬಿಲ್ಲಿನಲ್ಲಿ ಸುಮಾರು 80 ಸೆಂಟಿಮೀಟರು ಉದ್ದದ ಬಾಣವನ್ನು ಹೂಡಿ ಪೂರ್ತಿಯಾಗಿ ಸೆಳೆದಾಗ, ಕೈಯಿರುವಲ್ಲಿ ಹೆದೆಯ ಎರಡು ಭಾಗಗಳು ಬಹಳ ಚೂಪಾದ ಕೋನದಲ್ಲಿ ಕೂಡುತ್ತವೆ. ಮೂರು ಬೆರಳುಗಳಿದ್ದರೆ ಅವು ಆ ಸಂದಿಯಲ್ಲಿ ಸಿಕ್ಕಿ ನಲುಗುವುವು. ಹೆಬ್ಬೆರಳಾದರೋ ಹೆದೆಯನ್ನು ಒಂದೇ ಬಿಂದುವಿನಲ್ಲಿ ಹಿಡಿಯುತ್ತದೆ. ಹೆದೆ ಜಾರುವ ದಾರಿಯೂ ಚಿಕ್ಕದಾದುದರಿಂದ ಬಿಡುಗಡೆ ನುಣುಪಾಗಿರುತ್ತದೆ. ಈ ಪದ್ಧತಿಯಲ್ಲಿ ಬಾಣವು ಬಿಲ್ಲಿನ ಬಲಗಡೆಯಲ್ಲಿ, ಎಡಗೈಯ ಹೆಬ್ಬೆರಳಿನ ಮೇಲೆ ಕೂರುತ್ತದೆ. ಸೆಳೆಯುವ ಕೈಯ ಅಲ್ಪವಾದ ತಿರುಚು ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುವುದರಿಂದ ಅದು ಜಾರಿಬೀಳುವುದಿಲ್ಲ.

ತುಂಬು ಸೆಳೆತ

ಬಿಲ್ಗಾರನು ಎರಡು ಕೈಗಳನ್ನೂ ತಲೆಯ ಮಟ್ಟಕ್ಕೆ ಎತ್ತಿ, ಕೆಳಗಿಳಿಸುತ್ತ ಹೆದೆಯನ್ನು ಸೆಳೆಯುತ್ತಾನೆ. ನಮ್ಮ ಕವಿಗಳು ‘ಆಕರ್ಣಾಂತ’ವೆಂದು ವರ್ಣಿಸುವುದು ಈ ಸ್ಥಿತಿಯನ್ನೇ. ಬಾಣದ ಕಡ್ಡಿ ಕೆನ್ನೆಗೆ ತಾಗಿ ಬಾಯಿಯ ಮಟ್ಟದಲ್ಲಿ ನಿಲ್ಲುತ್ತದೆ. ಮುಂದಿನ ಕೈ ಬೆಟ್ಟವನ್ನು ನೂಕುವಂತೆ ಸ್ಥಿರವಾಗಿರಬೇಕು. ಹಿಂದಿನ ಕೈ ಹುಲಿಯ ಬಾಲವನ್ನು ಎಳೆಯುವಂತೆ ಇರಬೇಕು ಎಂದು ಹಳೆಯ ಉಪದೇಶ.

ನಡುವಯಸ್ಸಿನ ಬಿಲ್ಗಾರನ ಬಿಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತುಂಬು ಸೆಳೆತದಲ್ಲಿ ಅದರ ಬಲ 200 ನ್ಯೂಟನ್ ಇರಲಿ. ಇದು ಸುಮಾರು 20 ಕಿಲೋಗ್ರಾಂ ತೂಕಕ್ಕೆ ಸಮ. ಹೆದೆಯನ್ನು 0.65 ಮೀಟರು ಹಿಂದಕ್ಕೆ ಸೆಳೆದಿದ್ದರೆ, ಬಲವು ಸೊನ್ನೆಯಿಂದ ಸಮವಾಗಿ ಏರಿತೆಂದು ಭಾವಿಸಿದಾಗ, ಶೇಖರವಾದ ಶಕ್ತಿ ½ × 200 × 0.65, ಅಂದರೆ 65 ಜೂಲ್.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸಂದೇಹ ಬರಬಹುದು. ಪೂರ್ತಿಯಾಗಿ ಸೆಳೆದು ಅಲುಗದೆ ನಿಂತಿರುವ ಬಿಲ್ಗಾರನು ಕೆಲಸವನ್ನೇ ಮಾಡುತ್ತಿಲ್ಲ. ಏಕೆಂದರೆ ಕೆಲಸವೆಂದರೆ ಬಲ ಮತ್ತು ಸ್ಥಳಾಂತರಗಳ ಗುಣಲಬ್ಧ, ಇಲ್ಲಿ ಸ್ಥಳಾಂತರ ಸೊನ್ನೆ. ಹಾಗಿದ್ದರೂ ಅವನ ತೋಳು ಕೆಲವೇ ಸೆಕೆಂಡುಗಳಲ್ಲಿ ನಡುಗತೊಡಗುವುದೇಕೆ? ಗೋಡೆಯ ಮೊಳೆಗೆ ತೂಗುಹಾಕಿದ ಭಾರವನ್ನು ಮೊಳೆ ವರ್ಷಗಟ್ಟಲೆ ಆಯಾಸವಿಲ್ಲದೆ ಹೊರುತ್ತದೆ. ಸ್ನಾಯುವಿನ ರೀತಿ ಬೇರೆ. ಅದರ ಅಸಂಖ್ಯ ಎಳೆಗಳು ಸರದಿಯ ಮೇಲೆ ಬಿಗಿದು ಸಡಿಲವಾಗುತ್ತ ಬಲವನ್ನು ಉಳಿಸಿಕೊಳ್ಳುತ್ತವೆ. ಪ್ರತಿಯೊಂದು ಬಿಗಿತಕ್ಕೂ ಶರೀರ ರಾಸಾಯನಿಕ ಶಕ್ತಿಯನ್ನು ವ್ಯಯ ಮಾಡಬೇಕು. ಅದೆಲ್ಲವೂ ಶಾಖವಾಗಿ ಹೋಗುವುದು. ಎಳೆಗಳು ದಣಿದಂತೆ ಸರದಿ ತಪ್ಪಿ ನಡುಕ ಹುಟ್ಟುತ್ತದೆ. ಆದ್ದರಿಂದ ಕೇವಲ ತೋಳಿನಿಂದ ಎಳೆಯದೆ, ಬೆನ್ನಿನ ದೊಡ್ಡ ಸ್ನಾಯುಗಳಿಂದ ಎಳೆಯಬೇಕೆಂದು ಗುರು ಕಲಿಸುತ್ತಾನೆ. ತನ್ನ ಬಲಕ್ಕೆ ಮೀರಿದ ಬಿಲ್ಲನ್ನು ಮುಟ್ಟಲು ಬಿಡುವುದಿಲ್ಲ. ಇತರರ ಬಿಲ್ಲನ್ನು ಸೆಳೆಯಬಾರದೆಂಬುದು ಅಲ್ಲಿಯ ಒಂಬತ್ತು ನಿಯಮಗಳಲ್ಲಿ ಒಂದು. ಅದು ಕೇವಲ ಸೌಜನ್ಯದ ಮಾತಲ್ಲ. ಒಬ್ಬನ ತೋಳಿಗೆ ಹೊಂದಿದ ಬಿಲ್ಲು ಉದ್ದ ತೋಳಿನವನ ಕೈಯಲ್ಲಿ ಅಳತೆ ಮೀರಿ ಬಾಗಿ ಮುರಿಯಬಹುದು.

ಬಿಡುಗಡೆ

ಬಾಣದ ತೂಕ 26 ಗ್ರಾಂ ಎಂದಿಟ್ಟುಕೊಳ್ಳೋಣ. ಅದು ಸೆಕೆಂಡಿಗೆ 60 ಮೀಟರು ವೇಗದಿಂದ ಹೊರಟರೆ ಅದರ ಚಲನಶಕ್ತಿ ಸುಮಾರು 47 ಜೂಲ್. ಬಿಲ್ಲಿನಲ್ಲಿದ್ದುದು 65 ಜೂಲ್. ಉಳಿದ 18 ಜೂಲ್ ಎಲ್ಲಿ ಹೋಯಿತು? ಬಿಲ್ಲಿನ ತೋಳುಗಳೂ ಹೆದೆಯೂ ಬಾಣದೊಡನೆ ಚಲಿಸಬೇಕಲ್ಲವೇ? ಆ ಚಲನೆಗೆ ಅದು ವ್ಯಯವಾಯಿತು. ಬಾಣದೊಡನೆ ಸುಮಾರು 10 ಗ್ರಾಂ ತೂಕದ ಕಾಣದ ಹೊರೆಯೊಂದು ಅದೇ ವೇಗದಿಂದ ಓಡಿತೆಂದು ಭಾವಿಸಿದರೆ ಈ ಲೆಕ್ಕ ಸರಿಹೋಗುತ್ತದೆ. ಬಾಣದ ತೂಕವನ್ನು ಅರ್ಧಕ್ಕಿಳಿಸಿ 13 ಗ್ರಾಂ ಮಾಡಿದರೂ ಆ 10 ಗ್ರಾಂ ಹೊರೆ ಹಾಗೆಯೇ ಉಳಿಯುವುದು. ಆಗ ವೇಗ ಸೆಕೆಂಡಿಗೆ ಸುಮಾರು 75 ಮೀಟರಿಗೆ ಏರುತ್ತದೆ. ಆದರೆ ಬಾಣಕ್ಕೆ ಸಿಕ್ಕುವ ಶಕ್ತಿ ಸುಮಾರು 37 ಜೂಲಿಗೆ ಇಳಿಯುತ್ತದೆ. ಕೊರಿಯದ ಸೈನಿಕರು ‘ಪ್ಯೋನ್‌ಜೋನ್’ ಎಂಬ ಗಿಡ್ಡನೆಯ ಹಗುರ ಬಾಣವನ್ನು, ಸೀಳಿದ ಬಿದಿರಿನ ಕೊಳವೆಯೊಳಗಿಟ್ಟು ಎಸೆಯುತ್ತಿದ್ದರು. ಹೆಚ್ಚಿನ ವೇಗಕ್ಕಾಗಿ ಅವರು ಕಂಡುಕೊಂಡ ಉಪಾಯವಿದು.

ಇನ್ನು ಬಾಣವೇ ಇಲ್ಲದೆ ಹೆದೆಯನ್ನು ಬಿಟ್ಟರೆ? 65 ಜೂಲ್ ಶಕ್ತಿಯಷ್ಟೂ ಬಿಲ್ಲಿನ ತೋಳುಗಳಿಗೂ ಹೆದೆಗೂ ಬಡಿಯುವುದು. ಬಿಲ್ಲು ಸಿಡಿದು ಮುಖಕ್ಕೋ ಕಣ್ಣಿಗೋ ಪೆಟ್ಟಾಗಬಹುದು. ಆದ್ದರಿಂದ ಬರಿಯ ಬಿಲ್ಲನ್ನು ಸೆಳೆಯುವ ಅಭ್ಯಾಸ ಮಾಡುವ ಹೊಸಬನು, ಸೆಳೆದ ಹೆದೆಯನ್ನು ಮೆಲ್ಲನೆ ಹಿಂದಿರುಗಿಸಬೇಕೇ ಹೊರತು ಎಂದಿಗೂ ಬಿಡಬಾರದು. ಬಾಣ ಬಿಡುವ ಅನುಭವಕ್ಕಾಗಿ ಅವನಿಗೆ ಹಗ್ಗ ಕಟ್ಟಿದ ಬಾಣವೊಂದನ್ನು ಕೊಡುತ್ತಾರೆ. ಹಗ್ಗದ ಇನ್ನೊಂದು ತುದಿ ಒಂದು ಕಂಬಕ್ಕೆ ಬಿಗಿದಿರುತ್ತದೆ. ಬಾಣ ಸ್ವಲ್ಪ ದೂರ ಹಾರಿ ನಿಲ್ಲುತ್ತದೆ, ಯಾರಿಗೂ ಅಪಾಯವಿಲ್ಲ. ಹಲವು ವಾರ ಹೀಗೆ ಸಾಧನೆ ಮಾಡಿದವನಿಗೇ ಗುರಿಯೆದುರು ನಿಲ್ಲುವ ಅನುಮತಿ.

ಹೆದೆ ಬಾಣವನ್ನು ನೂಕುವ ಕಾಲ ಒಂದು ಸೆಕೆಂಡಿನ ಸುಮಾರು 60ನೆಯ ಒಂದು ಭಾಗ. ಈ ಅಲ್ಪಕಾಲದಲ್ಲಿ ಬಾಣದ ವೇಗೋತ್ಕರ್ಷ ಗುರುತ್ವಾಕರ್ಷಣೆಯದಕ್ಕಿಂತ 500 ಪಟ್ಟಿಗೂ ಮೀರುವುದು. ಹಿಂದಿನಿಂದ ಇಷ್ಟು ಬಲವಾದ ನೂಕು ಬಿದ್ದಾಗ ತೆಳ್ಳನೆಯ ಬಾಣ ನೆಟ್ಟಗೆ ಉಳಿಯಲಾರದು. ಬಿಲ್ಲಿನಂತೆ ಬಾಗಿ, ಮೀನು ಈಜುವಂತೆ ಅತ್ತಿತ್ತ ಬಳುಕುತ್ತ ಹೊರಡುತ್ತದೆ. 1930ರ ದಶಕದಲ್ಲಿ ಅಮೆರಿಕದ ಹಿಕ್‌ಮನ್, ಕ್ಲಾಪ್‌ಸ್ಟೆಗ್ ಮೊದಲಾದ ವಿಜ್ಞಾನಿಗಳು ಅತಿವೇಗದ ಛಾಯಾಚಿತ್ರಗಳಿಂದ ಬಾಣದ ಈ ವರ್ತನೆಯನ್ನು ಅಭ್ಯಸಿಸಿದರು. ಬಾಣವು ಬಿಲ್ಲಿನ ಪಕ್ಕದಲ್ಲಿದ್ದರೂ ನೇರವಾಗಿ ಹೋಗುವುದರ ಗುಟ್ಟು ಈ ಬಳುಕಿನಲ್ಲಿಯೇ ಇದೆ. ಬಿಲ್ಲಿನ ಹಿಡಿಯನ್ನು ದಾಟುವಾಗ ಬಾಣ ಸರಿಯಾಗಿ ಬಳುಕಿದರೆ ಹಿಡಿಗೆ ತಗುಲದೆ ನುಸುಳಿಕೊಳ್ಳುತ್ತದೆ. ಆದ್ದರಿಂದ ಬಾಣದ ಪೆಡಸು ಬಿಲ್ಲಿನ ಬಲಕ್ಕೆ ಹೊಂದಿಕೆಯಾಗಿರಬೇಕು. ಒಬ್ಬನ ಬಾಣ ಇನ್ನೊಬ್ಬನಿಗೆ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಬಾಣದ ಹಾದಿ

ಸೆಕೆಂಡಿಗೆ 60 ಮೀಟರು ವೇಗದ ಬಾಣ 145 ಮೀಟರು ಕ್ರಮಿಸುವುದಕ್ಕೆ ಸುಮಾರು ಎರಡೂವರೆ ಸೆಕೆಂಡು ಬೇಕು. ಅಷ್ಟು ಕಾಲದಲ್ಲಿ ಯಾವ ವಸ್ತುವಾದರೂ ಗುರುತ್ವಾಕರ್ಷಣೆಯಿಂದ 30 ಮೀಟರು ಬೀಳುತ್ತದೆ. ಅಂದರೆ ಬಾಣವನ್ನು ಗುರಿಯ ಮೇಲೆ ಸುಮಾರು 30 ಮೀಟರು ಎತ್ತರದಲ್ಲಿರುವ ಬರಿಯ ಆಕಾಶಕ್ಕೆ ಹೂಡಬೇಕು! ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಬಾಣ ಕ್ಷಿತಿಜಕ್ಕೆ 11.6 ಡಿಗ್ರಿ ಕೋನದಲ್ಲಿ ಹೊರಟು, ದಾರಿಯ ನಡುವೆ ಏಳೂವರೆ ಮೀಟರು ಎತ್ತರಕ್ಕೇರಿ, ಅಷ್ಟೇ ಕೋನದಲ್ಲಿ ಇಳಿಯುತ್ತದೆ. ಗಾಳಿಯ ತಡೆ ಇರುವುದರಿಂದ ನಿಜವಾದ ಕೋನ ಇದಕ್ಕಿಂತ ಸ್ವಲ್ಪ ಹೆಚ್ಚು. ಹಲಗೆಯನ್ನು ಹಿಂದಕ್ಕೆ ವಾಲಿಸಿರುವುದರಿಂದ, ಇಳಿದುಬರುವ ಬಾಣಕ್ಕೆ ಅದು ಹೆಚ್ಚು ನೇರವಾಗಿ ಮುಖ ಕೊಡುತ್ತದೆ. ಬಾಣ ತಗುಲಿದ ಸದ್ದು ಬಿಲ್ಗಾರನ ಕಿವಿಗೆ ಮುಟ್ಟುವುದಕ್ಕೆ ಮತ್ತೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ ಕಾಲ ಹಿಡಿಯುತ್ತದೆ. ಬಾಣ ಬಿಟ್ಟವನು ಸುಮಾರು ಮೂರು ಸೆಕೆಂಡು ಕಾದು ತನ್ನ ತೀರ್ಪನ್ನು ಕೇಳಬೇಕು.

ಬಾಣ ಬಿಡುವ ಮುನ್ನ ನೆಲದ ರೀತಿಯನ್ನು ನೋಡಬೇಕು, ಆಮೇಲೆ ಗಾಳಿಯ ಗತಿಯನ್ನು ಪರೀಕ್ಷಿಸಬೇಕು ಎಂದು ಹಳೆಯ ಸೂತ್ರವಿದೆ. ನಿಂತ ನೆಲಕ್ಕಿಂತ ಗುರಿ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಕೋನ ಬದಲಾಗುತ್ತದೆ. ಗಾಳಿಯಾದರೋ ನೆಲದ ಬಳಿ ಮಂದವಾಗಿದ್ದರೂ ಮೇಲೆ ಜೋರಾಗಿರಬಹುದು. ಬಾಣ ಹಾರುವುದು ಅಲ್ಲಿಯೇ. ಗುರಿಯ ಬಳಿ ಗಾಳಿಬಾವುಟ ಕಟ್ಟಿರುವುದು ಇದಕ್ಕಾಗಿಯೇ.

ಎಷ್ಟು ತಪ್ಪಿಗೆ ಎಡೆಯಿದೆ?

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. 145 ಮೀಟರು ದೂರದಲ್ಲಿ 2 ಮೀಟರು ಅಗಲವೆಂದರೆ ಕೇವಲ 0.8 ಡಿಗ್ರಿ. ಸುಮಾರು 80 ಸೆಂಟಿಮೀಟರು ಉದ್ದದ ಬಾಣದ ಹಿಂತುದಿಯನ್ನು ಇಷ್ಟು ಕೋನ ತಿರುಗಿಸಲು 1.1 ಸೆಂಟಿಮೀಟರು ಸರಿಸಿದರೆ ಸಾಕು. ಬಲಗೈ ಎಡಕ್ಕೋ ಬಲಕ್ಕೋ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಸರಿದರೆ ಬಾಣ ಹಲಗೆಯ ಪಕ್ಕದಲ್ಲಿ ಹೋಗುವುದು.

ಎತ್ತರದ ಲೆಕ್ಕವೂ ಹೀಗೆಯೇ. ಹಲಗೆಯ ಬುಡಕ್ಕೆ ತಗುಲುವ ಬಾಣಕ್ಕೂ ಹಲಗೆಯ ನೆತ್ತಿಯನ್ನು ಸವರುವ ಬಾಣಕ್ಕೂ, ಹಲಗೆ ಇಲ್ಲದಿದ್ದರೆ ಅವು ನೆಲ ಮುಟ್ಟುವ ಸ್ಥಳಗಳ ಅಂತರ ಸುಮಾರು 13 ಮೀಟರು. ಕೋನ ಒಂದು ಡಿಗ್ರಿ ಹೆಚ್ಚಾದರೆ ಬಾಣ ಸುಮಾರು 12 ಮೀಟರು ಮುಂದಕ್ಕೆ ಬೀಳುತ್ತದೆ. ಆದ್ದರಿಂದ ನಡುವಿನಿಂದ ಮೇಲಕ್ಕೋ ಕೆಳಕ್ಕೋ ಅರ್ಧ ಡಿಗ್ರಿಯಷ್ಟು ತಪ್ಪಿಗೆ ಮಾತ್ರ ಎಡೆಯಿದೆ.

ಮೂರನೆಯದು ವೇಗ. ಬಾಣ ಕ್ರಮಿಸುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 13 ಮೀಟರಿನ ಮಿತಿಯೊಳಗಿರಬೇಕಾದರೆ ವೇಗ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರುಪೇರಾಗಕೂಡದು. ವೇಗವು ಸೆಳೆತದ ಉದ್ದಕ್ಕೆ ಹೆಚ್ಚುಕಡಿಮೆ ಅನುಗುಣವಾದುದು. 65 ಸೆಂಟಿಮೀಟರಿನಲ್ಲಿ ನೂರಕ್ಕೆ ಎರಡೆಂದರೆ ಒಂದೂಕಾಲು ಸೆಂಟಿಮೀಟರು. ದಣಿದ ಬಿಲ್ಗಾರನು ಬಿಡುಗಡೆಯ ಹೊತ್ತಿಗೆ ಕೈಯನ್ನು ಎರಡು ಬೆರಳಷ್ಟು ಮುಂದಕ್ಕೆ ಜಾರಗೊಟ್ಟರೆ ಬಾಣ ಗುರಿಯ ಮುಂದೆಯೇ ನೆಲಕ್ಕೆ ನಾಟುವುದು. ತುಂಬು ಸೆಳೆತದ ಮೇಲೆ ಗುರುಗಳು ಅಷ್ಟು ಒತ್ತು ಕೊಡುವುದರ ಅರ್ಥ ಈಗ ಸ್ಪಷ್ಟವಾಗುತ್ತದೆ. ಕೊರಿಯದ ಬಿಲ್ಗಾರನಿಗೆ ಗುರಿನೋಟದ ಉಪಕರಣ ಇಲ್ಲದಿದ್ದರೇನಂತೆ? ಅವನ ಪಾದ, ಬೆನ್ನು, ಕೆನ್ನೆ, ಕೈಗಳು ಪ್ರತಿಸಲವೂ ಅದೇ ಸ್ಥಾನಕ್ಕೆ ಬಂದು ಕೂರುವುದೇ ಅವನ ಉಪಕರಣ.

ಸೋಲಿನ ಕಾರಣ

ಮನುಷ್ಯನು ಕಂಡುದಕ್ಕೆ ಪ್ರತಿಕ್ರಿಯೆ ತೋರಿಸಲು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಬಾಣ ಹೆದೆಯನ್ನು ಬಿಡುವುದು ಅದರ ಹನ್ನೆರಡನೆಯ ಒಂದು ಭಾಗದಷ್ಟು ಕಾಲದಲ್ಲಿ. ಅಂದಮೇಲೆ ಬಿಟ್ಟ ಬಾಣವನ್ನು ತಿದ್ದುವುದು ಯಾರಿಂದಲೂ ಆಗದು. ಅದರ ಭವಿಷ್ಯವೆಲ್ಲ ಬಿಡುವುದಕ್ಕೆ ಮುಂಚಿನ ಎರಡು ಮೂರು ಸೆಕೆಂಡುಗಳಲ್ಲಿಯೇ ನಿರ್ಣಯವಾಗಿರುತ್ತದೆ. ಬಾಣ ಗುರಿ ತಪ್ಪಿದರೆ ಕಾರಣವನ್ನು ತನ್ನಲ್ಲಿಯೇ ಹುಡುಕಬೇಕು, ಗೆದ್ದವನ ಮೇಲೆ ಅಸೂಯೆ ಪಡಬಾರದು ಎಂಬುದು ಕೊರಿಯದ ಬಿಲ್ಗಾರರ ನೀತಿ. ಕನ್ಫ್ಯೂಷಿಯಸನ ಪಂಥದಿಂದ ಬಂದ ಈ ಮಾತನ್ನು ಬರಿಯ ಉಪದೇಶವೆಂದು ತಳ್ಳಿಬಿಡಲಾಗದು. ಮೇಲಿನ ಲೆಕ್ಕಗಳೂ ಅದನ್ನೇ ಹೇಳುತ್ತಿವೆ. ಅರ್ಧ ಸೆಂಟಿಮೀಟರಿನ ತಪ್ಪನ್ನು ಗುರಿಯ ಬಳಿ ಹುಡುಕಿದರೆ ಸಿಕ್ಕದು. ಬಿಲ್ಗಾರನ ಕೈಯ ಬಳಿ ಹುಡುಕಬೇಕು.

ಗಾಳಿಯ ಮಾತೇನು ಎಂದು ಕೇಳಬಹುದು. ಗಾಳಿ ಬೀಸುವುದು ಬಿಲ್ಗಾರನ ತಪ್ಪಲ್ಲ, ನಿಜ. ಆದರೆ ಬಾವುಟವನ್ನು ನೋಡದೆ ಬಿಟ್ಟುದು ಅವನದೇ ತಪ್ಪು. ಪ್ರಯೋಗಶಾಲೆಯಲ್ಲಿ ಕೆಲಸಮಾಡುವ ವಿದ್ಯಾರ್ಥಿಗೆ ಈ ವಿವೇಚನೆ ಹೊಸದಲ್ಲ. ಉತ್ತರ ಸರಿಬಾರದಿದ್ದಾಗ ಉಪಕರಣವನ್ನು ದೂರುವ ಮೊದಲು ತಾನು ಅಳೆದ ರೀತಿಯನ್ನು ಪರೀಕ್ಷಿಸಬೇಕೆಂದು ಅವನಿಗೂ ಕಲಿಸುತ್ತೇವೆ.

ಅಭ್ಯಾಸಸ್ಥಳದಲ್ಲಿ ಬಾಣ ಬಿಡುವಾಗ ಮಾತಿಲ್ಲ. ಎಲ್ಲರೂ ಒಟ್ಟಿಗೆ ಸಾಲಿಗೆ ಬಂದು, ಒಬ್ಬರಾದ ಮೇಲೊಬ್ಬರು ಒಂದೊಂದೇ ಬಾಣ ಬಿಟ್ಟು, ಒಟ್ಟಿಗೆ ಹಿಂದಿರುಗುತ್ತಾರೆ. ಒಂದು ಸುತ್ತಿನ ಐದು ಬಾಣಗಳೂ ಗುರಿ ಮುಟ್ಟಿದರೆ ಅದಕ್ಕೆ ‘ಮೋಲ್‌ಗಿ’ ಎಂದು ಹೆಸರು. ಮೊದಲ ಬಾರಿ ಇದನ್ನು ಸಾಧಿಸಿದವನನ್ನು ‘ಜೋಪ್‌ಜಾಂಗ್’ ಎಂಬ ಗೌರವದ ಹೆಸರಿನಿಂದ ಕರೆಯತೊಡಗುತ್ತಾರೆ. ಅಲ್ಲಿಗೆ ಮುಟ್ಟಲು ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ.

ದಿನದ ಮೊದಲ ಬಾಣವನ್ನು ಬಿಡುವ ಮುನ್ನ ಬಿಲ್ಗಾರನು ಗಟ್ಟಿಯಾಗಿ ‘ಹ್ವಾಲ್ ಬೇವುಮ್ನಿದಾ’ ಎನ್ನುತ್ತಾನೆ. ‘ಬಿಲ್ಲನ್ನು ಕಲಿಯುತ್ತಿದ್ದೇನೆ’ ಎಂದು ಅದರ ಅರ್ಥ. ಉಳಿದವರು ‘ಹೆಚ್ಚು ಗುರಿ ಮುಟ್ಟಿರಿ’ ಎಂದು ಹರಸುತ್ತಾರೆ. ನಿನ್ನೆ ಸೇರಿದ ಹುಡುಗನೂ ಐವತ್ತು ವರ್ಷ ಬಿಲ್ಲು ಹಿಡಿದ ಮುದುಕನೂ ಹೇಳುವ ಮಾತು ಅದೇ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಹೊಸಬನೊಬ್ಬನ ಬಿಲ್ಲು ಮೃದುವಾದುದು. ಅವನ ಬಾಣದ ವೇಗ ಸೆಕೆಂಡಿಗೆ 50 ಮೀಟರು ಮಾತ್ರ. ಗಾಳಿಯ ತಡೆಯನ್ನು ಬಿಟ್ಟರೆ, 145 ಮೀಟರು ಮುಟ್ಟಲು ಅವನು ಯಾವ ಕೋನದಲ್ಲಿ ಬಾಣ ಬಿಡಬೇಕು? ಉತ್ತರ ಸುಮಾರು 17.3 ಡಿಗ್ರಿ ಬರಬೇಕು. ಹಾಗೆಯೇ ಅವನ ಬಾಣ ಎಷ್ಟು ಎತ್ತರಕ್ಕೆ ಏರುವುದು, ಎಷ್ಟು ಕಾಲ ಗಾಳಿಯಲ್ಲಿರುವುದು ಎಂಬುದನ್ನೂ ಕಂಡುಹಿಡಿದು, ಮೇಲೆ ಹೇಳಿದ ಅಂಕಿಗಳೊಡನೆ ಹೋಲಿಸಿ ನೋಡಿರಿ. ಬಲವಾದ ಬಿಲ್ಲಿನವನಿಗಿಂತ ಮೃದುವಾದ ಬಿಲ್ಲಿನವನು ಗಾಳಿಯನ್ನು ಏಕೆ ಹೆಚ್ಚು ಎಚ್ಚರಿಕೆಯಿಂದ ಗಮನಿಸಬೇಕೆಂಬುದು ಆಗ ತಾನಾಗಿಯೇ ತಿಳಿಯುವುದು.